ಮೂವತ್ತಮೂರು ಇಂಚಿನ ಕಟ್ಟೆ

ಚೇತನನಿಗೆ ಈ ಭೂಮಿಯ ಮೇಲೆ ಒಂದೇ ಒಂದು ವಿದ್ಯೆ ಬರುತ್ತಿತ್ತು. ಯಾವ ಸಾಮಾನು ಎಲ್ಲಿಡಬೇಕು ಅನ್ನುವುದು. ಪುಣೆಯ ಹೊರಗೆ ದೇಹೂ ರೋಡ್ ದಾಟಿದ ಮೇಲೆ ಸಿಗುವ ಒಂದು ಗೋದಾಮಿನಲ್ಲಿ ಅವನು ಸ್ಟೋರ್ ಅಸಿಸ್ಟೆಂಟ್. ಅಲ್ಲಿ ಹನ್ನೊಂದು ಸಾವಿರ ನಮೂನೆಯ ನಟ್ಟು, ಬೋಲ್ಟು, ವಾಷರುಗಳು ತಂತಮ್ಮ ಖಾನೆಗಳಲ್ಲಿ ಹಣೆಗೆ ಚೀಟಿ ಅಂಟಿಸಿಕೊಂಡು ಕೂತಿರುತ್ತಿದ್ದವು. ಯಾವುದು ಎಲ್ಲಿದೆ ಎಂದು ಯಾರು ಯಾವಾಗ ಕೇಳಿದರೂ ಅವನ ನಾಲಿಗೆಯ ತುದಿಯಲ್ಲಿ ಉತ್ತರವಿರುತ್ತಿತ್ತು. ಅವನದೇ ಮೊಬೈಲ್ ಚಾರ್ಜರ್ ಮಾತ್ರ ಆರು ವರ್ಷಗಳ ನೌಕರಿಯಲ್ಲಿ ಒಮ್ಮೆಯೂ ಹುಡುಕದೆ ಸಿಕ್ಕಿರಲಿಲ್ಲ. ಇಂಥ ಪಂಡಿತನ ಕೈಗೆ ಅವನ ತಾಯಿಯ ಅಡುಗೆಮನೆ ಬಿದ್ದದ್ದು ಹೋದ ಸಂಕ್ರಾಂತಿಯ ಹೊತ್ತಿಗೆ.

ತಾಯಿ ಸಕ್ಕುಬಾಯಿ ಇಂಡಿ ತಾಲೂಕಿನ ಕಡೆಯವಳು. ಮೂವತ್ತು ವರ್ಷದ ಹಿಂದೆ ಗಂಡ ಭೀಮಣ್ಣನ ಬೆನ್ನ ಹಿಂದೆ ಸ್ವಾರಗೇಟಿನಲ್ಲಿ ಬಸ್ ಇಳಿದಾಗ ಅವಳ ತಲೆಯ ಮೇಲೆ ಜೋಳದ ಹಿಟ್ಟಿನ ಗಂಟು, ಕಂಕುಳಲ್ಲಿ ರೊಟ್ಟಿ ಬಡಿಯುವ ಬೇವಿನ ಮರದ ಪರಾತ. ಬೇರೆ ಸಾಮಾನು ಏನೇನಿತ್ತೋ ಅವಳಿಗೇ ನೆನಪಿಲ್ಲ. ಭೀಮಣ್ಣ ಮಾರ್ಕೆಟ್ ಯಾರ್ಡಿನಲ್ಲಿ ಹಮಾಲಿಗೆ ನಿಂತ. ಅವಳು ಚಾಳಿನ ಹತ್ತು ಫೂಟಿನ ಕೋಣೆಯಲ್ಲಿ ರೊಟ್ಟಿಗೆ ಕೂತಳು. ಒಂದು ದಿನ ಬುತ್ತಿ ಮರೆತು ಬಂದಿದ್ದ ವಿಜಯಪುರದ ಕಂಡಕ್ಟರನೊಬ್ಬನಿಗೆ ಭೀಮಣ್ಣ ತನ್ನ ಎರಡು ರೊಟ್ಟಿ ಕೊಟ್ಟನಂತೆ. ಮರುದಿನ ಆ ಕಂಡಕ್ಟರ್ ಬುತ್ತಿ ಇದ್ದರೂ ಮರೆತು ಬಂದೆ ಎಂದನಂತೆ. ಹಾಗೆ ಹತ್ತಿದ ರುಚಿ ಸ್ವಾರಗೇಟಿನ ಬದಿಯ ಖಾನಾವಳಿಗೆ ಮುಟ್ಟಿತು. ಭೀಮಣ್ಣ ತೀರಿಕೊಂಡು ಎಂಟು ವರ್ಷವಾಯಿತು, ಚಾಳು ಹೋಗಿ ಬಿಬವೇವಾಡಿಯಲ್ಲಿ ಎರಡು ಕೋಣೆಯ ಫ್ಲ್ಯಾಟ್ ಬಂತು. ಆದರೆ ತೆಂಕಣಕ್ಕೆ ಹೋಗುವ ಬಸ್ಸುಗಳ ಡ್ರೈವರ್ ಕಂಡಕ್ಟರರಿಗೆಂದು ದಿನಾ ನಲವತ್ತು ರೊಟ್ಟಿ ಖಾನಾವಳಿಗೆ ಹೋಗುವುದು ನಿಂತಿರಲಿಲ್ಲ.

ತೆಳುವು ಎಷ್ಟಿರಬೇಕು ಅನ್ನುವುದಕ್ಕೆ ಸಕ್ಕುಬಾಯಿಯ ಹತ್ತಿರ ಒಂದೇ ಪರೀಕ್ಷೆ. ರೊಟ್ಟಿಯನ್ನು ಬೆಳಕಿಗೆ ಎತ್ತಿ ಹಿಡಿದರೆ ಆಚೆ ಕೂತವರ ಮೂಗು ಕಾಣಬೇಕು. ಕಾಣದಿದ್ದರೆ ಅದು ಮನೆಯವರಿಗೆ. ಹೀಗಾಗಿ ಚೇತನ ಬಾಲ್ಯದುದ್ದಕ್ಕೂ ನಪಾಸಾದ ರೊಟ್ಟಿ ತಿಂದೇ ಬೆಳೆದವನು.

ಇಷ್ಟು ವರ್ಷ ನೆಲಕ್ಕೆ ಕಾಲು ಮಡಚಿ ಕೂತದ್ದರ ಲೆಕ್ಕವನ್ನು ಮೊಣಕಾಲುಗಳು ಒಮ್ಮೆಗೇ ಒಪ್ಪಿಸಿದವು. ಎದ್ದೇಳಬೇಕಾದರೆ ಬಾಗಿಲ ಚೌಕಟ್ಟು, ಗ್ಯಾಸಿನ ಕಟ್ಟೆ, ಕೊನೆಗೆ ದೇವರು, ಈ ಮೂವರ ಸಹಾಯವೂ ಬೇಕಾಗತೊಡಗಿತು. ಡಾಕ್ಟರ್ ಎಕ್ಸ್-ರೇ ಫೋಟೋ ತೆಗೆಸಿ ನೋಡಿ, ಮಾವಶಿ, ಆತಾ ಖಾಲಿ ಬಸಾಯಚಂ ನಾಹಿ ಎಂದು ಮರಾಠಿಯಲ್ಲಿ ಕಡ್ಡಿ ಮುರಿದಂತೆ ಹೇಳಿದರು. ನೆಲಕ್ಕೆ ಕೂರುವುದು ಬಂದ್. ದವಾಖಾನೆಯ ಮೆಟ್ಟಿಲಿಳಿಯುವಾಗ ಸಕ್ಕುಬಾಯಿ ಮಗನಿಗೆ ಒಂದೇ ಮಾತು ಹೇಳಿದಳು.

"ಕೂತ್ರ ಮೊಣಕಾಲ ಹೋಗ್ತಾವ. ಬಿಟ್ರ ಕೈ ಹೋಗ್ತಾವ. ಯಾವ್ದ ಇಟಗೊಳ್ಳಲಿ ನೀನ ಹೇಳು."

ಎರಡನ್ನೂ ಇಟ್ಟುಕೊಳ್ಳೋಣ ಎಂದು ಚೇತನ ನಿಂತಲ್ಲೇ ನಿಶ್ಚಯಿಸಿದ. ನಿಂತುಕೊಂಡು ರೊಟ್ಟಿ ಬಡಿಯುವಂಥ ಅಡುಗೆಮನೆ ಮಾಡಿಸಿದರಾಯಿತು. ನಿಂತು ರೊಟ್ಟಿ ಬಡಿಯಲು ಅದೇನು ಕಬಡ್ಡಿ ಆಟವೇ ಎಂದು ತಾಯಿ ಕೇಳಿದಳು. ಅವನು ಅಳತೆ ಟೇಪು ತಂದ.

ಮುಂದಿನ ಹದಿನಾಲ್ಕು ದಿನ ಅವನು ಮೊಬೈಲಿನಲ್ಲಿ ಅಡುಗೆಮನೆಗಳ ವಿಡಿಯೋ ನೋಡಿದ. ಅವುಗಳಲ್ಲಿ ಬೆಳ್ಳಗೆ ನಗುವ ಹೆಂಗಸರು ಒಂದು ಬೆರಳಿಂದ ಖಾನೆ ಎಳೆಯುತ್ತಿದ್ದರು, ಒಳಗೆ ಒಂದೇ ಎತ್ತರದ ಗಾಜಿನ ಬರಣಿಗಳು ಶಾಲೆಯ ಪ್ರಾರ್ಥನೆಗೆ ನಿಂತಂತೆ ನಿಂತಿರುತ್ತಿದ್ದವು. ಚೇತನನಿಗೆ ತನ್ನ ಗೋದಾಮೇ ಸೀರೆ ಉಟ್ಟು ಬಂದಂತೆ ಅನಿಸಿತು. ಕಂಪ್ಯೂಟರಿನಲ್ಲಿ ನಕ್ಷೆ ಹಾಕಿದ. ಕಟ್ಟೆಯ ಕೆಳಗೆ ಎಳೆಯುವ ಖಾನೆಗಳ ಸ್ಟೀಲಿನ ಟ್ರಾಲಿ, ಮೂಲೆಯಲ್ಲಿ ಎಳೆದರೆ ಇಡೀ ಹೊರಗೆ ಬರುವ ಎತ್ತರದ ಕಪಾಟು, ಮೇಲೆ ಬೂದಿ ಬಣ್ಣದ ಬಾಗಿಲುಗಳು, ದೂಡಿದರೆ ಸದ್ದಿಲ್ಲದೆ ತಾವೇ ಮುಚ್ಚಿಕೊಳ್ಳುವಂಥವು. ತಾಯಿಯ ಡಬ್ಬಿಗಳನ್ನು ಎಣಿಸಿದ. ಅರವತ್ತಮೂರು. ಅವುಗಳಲ್ಲಿ ಒಂಬತ್ತು ಖಾಲಿ, ಆದರೆ ತಾಯಿಯ ಪ್ರಕಾರ "ಬೇಕಾದಾವು". ಒಂದರಲ್ಲಿ ಸಾಸಿವೆಯ ಅಡಿ ಅವನ ಮೂರನೆಯ ಇಯತ್ತೆಯ ಗುಣಪತ್ರಿಕೆ ಸಿಕ್ಕಿತು. ಗಣಿತದ ಅಂಕ ನೋಡಿ ಅದನ್ನು ಅಲ್ಲೇ ಹುಗಿದು ಮುಂದಿನ ಡಬ್ಬಿಗೆ ಹೋದ.

ಬಾಲ್ಕನಿಯಲ್ಲಿ ಒಂದು ಕಾಳಿನ ಕೋಠಿಯೂ ಇತ್ತು. ಸೊಂಟದ ಕೆಳಗೆ ಬರುವ ತಗಡಿನ ದುಂಡು ಡ್ರಮ್ಮು, ಖಾಲಿ. ಅದರ ಪಕ್ಕದಲ್ಲಿ ಹರಿದ ಗಾದಿ. ನಕ್ಷೆಯ ಕೊನೆಗೆ 'ಹಳೆ ಸಾಮಾನು' ಎಂಬ ಸಾಲಿನಲ್ಲಿ ಎರಡನ್ನೂ ಸೇರಿಸಿ ಬರೆದ.

ಕಟ್ಟೆಯ ಎತ್ತರಕ್ಕೆ ವಿಡಿಯೋದಲ್ಲಿ ಸೂತ್ರವಿತ್ತು. ನಿಂತವರ ಮೊಣಕೈಯ ಎತ್ತರ ಅಳೆದು ನಾಲ್ಕು ಇಂಚು ಕಳೆಯುವುದು. ತಾಯಿಯನ್ನು ಬಾಗಿಲಿಗೆ ಒರಗಿಸಿ ನಿಲ್ಲಿಸಿದ. ಅವಳು ಸೆರಗು ಸರಿಮಾಡಿಕೊಂಡು, ಫೋಟೋಕ್ಕೆ ನಿಂತವಳಂತೆ ಎದೆ ಸೆಟೆಸಿ ನಿಂತಳು. ಮೂವತ್ತಾರು ಬಂತು. ನಾಲ್ಕು ಕಳೆದರೆ ಮೂವತ್ತೆರಡು. ಟ್ರಾಲಿಯ ಚೌಕಟ್ಟು ಮೂವತ್ತಮೂರಕ್ಕೆ ಸಿದ್ಧ ಸಿಗುತ್ತಿದ್ದುದರಿಂದ ಹೆಚ್ಚಾದ ಒಂದು ಇಂಚನ್ನು ಚೇತನ ತಾಯಿಯ ಮೇಲೆ ಹೊರಿಸಿದ.

ಕಲ್ಲು ಕೂರಿಸಲು ಬಂದವನು ಹೊಳಬಸಪ್ಪ. ಜೇವರ್ಗಿ ಕಡೆಯವನು, ಇಪ್ಪತ್ತೈದು ವರ್ಷದಿಂದ ಪುಣೆಯ ಅಡುಗೆಮನೆಗಳಿಗೆ ಕಡಪಾ ಕಲ್ಲು, ಗ್ರಾನೈಟು ಕೊಯ್ದು ಕಟ್ಟೆ ಕಟ್ಟಿದವನು. ಅವನ ಜೇಬಿನಲ್ಲಿ ಟೇಪು ಇರುತ್ತಿತ್ತು, ಆದರೆ ಎತ್ತರ ನೋಡಲು ಅವನು ಅದನ್ನು ತೆಗೆಯುತ್ತಿರಲಿಲ್ಲ. ಅದಕ್ಕೆ ಬೇರೆ ಒಂದು ಸಣಬಿನ ಹುರಿ. ಮನೆಯ ಹೆಂಗಸು ಹಿಟ್ಟು ನಾದುವಾಗ ಅವಳ ಅಂಗೈ ಎಲ್ಲಿಗೆ ಇಳಿಯುತ್ತದೋ ಅಲ್ಲಿಂದ ನೆಲಕ್ಕೆ ಹುರಿ ಬಿಟ್ಟು ಗಂಟು ಹಾಕಿಕೊಳ್ಳುವುದು ಅವನ ರೂಢಿ. ಗಂಟು ನೋಡಿದರೆ ಇದು ಯಾರ ಮನೆ ಎಂದು ಹೇಳುವವನು.

"ಅಕ್ಕಾರ, ಆ ಸ್ಟೂಲಿನ ಮ್ಯಾಲ ಪರಾತ ಇಟಗೊಂಡು ಒಂದ್ ಮುದ್ದಿ ಹಿಟ್ಟ ನಾದಿ ತೋರಸ್ರಿ," ಎಂದ ಹೊಳಬಸಪ್ಪ ಹುರಿ ಬಿಚ್ಚುತ್ತ.

ಚೇತನ ನಕ್ಷೆಯ ಹಾಳೆ ಮುಂದೆ ಹಿಡಿದ. ಅದರಲ್ಲಿ ಮೂವತ್ತಮೂರು ಎಂಬುದು ದಪ್ಪ ಅಕ್ಷರದಲ್ಲಿತ್ತು, ಕೆಳಗೆ ಗೆರೆಯೂ ಇತ್ತು.

"ಕಾಕಾ, ಅಳತಿ ಎಲ್ಲಾ ಆಗ್ಯದ."

ಹೊಳಬಸಪ್ಪ ಹಾಳೆಯನ್ನು ಓದಲಿಲ್ಲ, ಅದರ ಅಂಚು ಹಿಡಿದು ಕಾಗದ ದಪ್ಪ ಅದ ಎಂದ. ಆಮೇಲೆ ಸಕ್ಕುಬಾಯಿಯ ಮುಖ ನೋಡಿದ. ಸ್ಟೂಲಿನ ಕಡೆ ಒಂದು ಹೆಜ್ಜೆ ಇಟ್ಟಿದ್ದ ಅವಳು ಮಗನ ಕೈಯ ಹಾಳೆ ನೋಡಿ ನಿಂತುಬಿಟ್ಟಳು.

"ಹುಡುಗ ಬರಕೊಂಡಾನ್ರಿ. ಹಂಗ ಹಾಕ್ರಿ," ಎಂದಳು.

"ನಿಮ್ಮ ಮನಿ, ನಿಮ್ಮ ಮಾತು," ಎಂದು ಹೊಳಬಸಪ್ಪ ಗಂಟು ಹಾಕದ ಹುರಿಯನ್ನು ಸುತ್ತಿ ಜೇಬಿಗಿಟ್ಟ.

ಹನ್ನೊಂದು ದಿನ ಧೂಳು, ಸದ್ದು. ಅಷ್ಟು ದಿನ ಖಾನಾವಳಿಯ ಮನೋಹರ ಬೇರೆ ಕಡೆಯಿಂದ ರೊಟ್ಟಿ ತರಿಸಿಕೊಂಡ. ಹಳೆಯ ಅಡುಗೆಮನೆಯ ನೆಲದಲ್ಲಿ ಸಕ್ಕುಬಾಯಿ ಪರಾತ ಇಡುತ್ತಿದ್ದ ಜಾಗದಲ್ಲೊಂದು ಕಪ್ಪು ಕಡಪಾ ಹಾಸು ಇತ್ತು, ಎರಡು ಫೂಟು ಉದ್ದ, ಒಂದೂವರೆ ಅಗಲ. ಅದನ್ನು ಎಬ್ಬಿಸಿ ಬಾಲ್ಕನಿಯಲ್ಲಿ ಕೋಠಿಯ ಪಕ್ಕ ನಿಲ್ಲಿಸಿದರು. ಚೇತನ ಆ ಕಲ್ಲನ್ನೂ ಹಳೆ ಸಾಮಾನಿನ ಸಾಲಿಗೆ ಸೇರಿಸಿದ.

ಎಲ್ಲ ಮುಗಿದ ಮೇಲೆ ಅಡುಗೆಮನೆ ನಿಜಕ್ಕೂ ಚೆಂದವಾಗಿತ್ತು. ಪಕ್ಕದ ಮನೆಯ ನೀತಾ ಬಂದು ಎಲ್ಲ ಖಾನೆಗಳನ್ನೂ ಒಮ್ಮೊಮ್ಮೆ ಎಳೆದು ದೂಡಿ, ಮಸ್ತ ಝಾಲಂಯ ಎಂದು ಹೊಗಳಿ, ಮಸಾಲೆಯ ಖಾನೆಯನ್ನು ಇನ್ನೊಮ್ಮೆ ಎಳೆದು ಹೋದಳು. ಚೇತನ ಗೋದಾಮಿನ ಯಂತ್ರದಲ್ಲಿ ಚೀಟಿ ಮುದ್ರಿಸಿ ತಂದು ಪ್ರತಿ ಡಬ್ಬಿಗೂ ಅಂಟಿಸಿದ. ಉಪ್ಪು ಎ-ಒಂದು, ಬೆಲ್ಲ ಎ-ಎರಡು. ಯಂತ್ರಕ್ಕೆ ಕನ್ನಡ ಬರುತ್ತಿರಲಿಲ್ಲ, ತಾಯಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಅವಳು ಮೊದಲಿನಂತೆ ಮುಚ್ಚಳ ತೆಗೆದು ಮೂಸಿಯೇ ಗುರುತು ಹಿಡಿಯುತ್ತಿದ್ದಳು. ಆದರೂ ಮನೆಗೆ ಬಂದವರಿಗೆಲ್ಲ, ನಮ್ಮ ಚೇತ್ಯಾ ಡಬ್ಬಿಗಳಿಗೂ ನಂಬರ್ ಕೊಟ್ಟಾನ ಎಂದು ಹೇಳುವುದನ್ನು ಬಿಡಲಿಲ್ಲ.

ಅವನು ಆರಕ್ಕೇ ಮನೆ ಬಿಡುತ್ತಿದ್ದ, ಸ್ವಾರಗೇಟಿನಿಂದ ಕಂಪನಿಯ ಬಸ್ಸು. ಅವಳು ರೊಟ್ಟಿಗೆ ನಿಲ್ಲುವುದು ಅವನು ಹೋದ ಮೇಲೆ. ಅವನ ಡಬ್ಬಿಗೆ ಹಿಂದಿನ ದಿನದ್ದು, ರಜೆಯ ದಿನ ಅವನು ಏಳುವ ಹೊತ್ತಿಗೆ ಬುಟ್ಟಿ ತುಂಬಿರುತ್ತಿತ್ತು. ಹೀಗಾಗಿ ಹೊಸ ಕಟ್ಟೆಯ ಮುಂದೆ ತಾಯಿ ಹೇಗೆ ನಿಲ್ಲುತ್ತಾಳೆ ಎಂದು ಅವನು ನೋಡಲೇ ಇಲ್ಲ. ಮಧ್ಯಾಹ್ನ ಡಬ್ಬಿ ಬಿಚ್ಚಿದಾಗ ರೊಟ್ಟಿ ನಡುವೆ ದಪ್ಪ, ಅಂಚಿಗೆ ಬಿರುಕು. ಹಿಟ್ಟಿನ ದೋಷವಿರಬೇಕು ಎಂದುಕೊಂಡ. ತಪ್ಪು ಹಿಟ್ಟಿನದಾದರೆ ನಕ್ಷೆಯದಾಗುವುದಿಲ್ಲವಲ್ಲ. ಒಂದು ಸಂಜೆ ತಾಯಿಯ ಹಣೆಯ ಮೇಲೆ ಲಿಂಬೆಯಷ್ಟು ಬಾವು ಕಂಡಿತು. ಕೇಳಿದರೆ, ಬಾಗಲಾ ಬಡೀತು ಎಂದಳು. ಯಾವ ಬಾಗಿಲು ಎಂದು ಅವನು ಕೇಳಲಿಲ್ಲ. ಅದು ಮೇಲಿನ ಬೂದಿ ಬಣ್ಣದ ಕಪಾಟಿನ ಬಾಗಿಲು. ಕಟ್ಟೆ ಎಟುಕದೆ ಅವಳು ಊಟದ ಮಣೆಯ ಮೇಲೆ ಹತ್ತಿ ನಿಂತು ಬಡಿಯಲು ನೋಡಿದ್ದಳು. ಕೈಗೆ ಕಟ್ಟೆ ಸಿಕ್ಕಿತು, ತಲೆಗೆ ಕಪಾಟೂ ಸಿಕ್ಕಿತು.

ಮಂಗಳವಾರ ಸಂಜೆ ಮನೋಹರ ತಾನೇ ಬಂದ. ಅವನ ಅಪ್ಪನ ಕಾಲದಿಂದ ಸಕ್ಕುಬಾಯಿಯ ರೊಟ್ಟಿ ಕೊಳ್ಳುವ ಮನೆ ಅದು, ಮಾತನ್ನು ಸುತ್ತಿ ಬಳಸಿ ಆಡುವುದು ಅವನಿಗೆ ಕಷ್ಟವಾಗುತ್ತಿತ್ತು. ಹೊಸ ಅಡುಗೆಮನೆ ನೋಡಿ ಹೊಗಳಿದ. ಚಹಾ ಕುಡಿದ. ಆಮೇಲೆ ಡ್ರೈವರರು ರೊಟ್ಟಿಯ ನಡುವಿನ ಭಾಗ ತಾಟಿನಲ್ಲೇ ಬಿಟ್ಟು ಏಳುತ್ತಿದ್ದಾರೆ, ಅಕ್ಕಾರ ಬದಲಿ ಯಾರು ಕೂತಾರ ಎಂದು ಕೇಳುತ್ತಿದ್ದಾರೆ ಎಂದು ಹೇಳಿದ.

"ಮಾವಶಿ, ಹಡಪಸರದಾಗ ಮಶೀನ್ ರೊಟ್ಟಿ ಚಾಲೂ ಆಗ್ಯಾವ. ನನಗ ಮನಸಿಲ್ಲ. ಸೋಮವಾರದ ತನಾ ನೋಡ್ತೀನಿ."

"ನೋಡಪಾ. ನನ್ನ ಕೈಗೂ ವಯಸ್ಸಾತು," ಎಂದಳು ಸಕ್ಕುಬಾಯಿ.

ಅವನು ಹೋದ ಮೇಲೆ, ನಾಳೆಯಿಂದ ನೆಲಕ್ಕೇ ಕೂರುತ್ತೇನೆ, ಮೊಣಕಾಲು ಇದ್ದಷ್ಟು ದಿನ ಇರಲಿ ಎಂದಳು. ಚೇತನ ಡಾಕ್ಟರ್ ಹೇಳಿದ್ದನ್ನು ನೆನಪಿಸಿದ. ಆಮೇಲೆ ಕಪಾಟಿನ ಬಾಗಿಲನ್ನು ತೆಗೆದು ದೂಡಿದ. ಅದು ಸದ್ದಿಲ್ಲದೆ ಮುಚ್ಚಿಕೊಂಡಿತು. ಆ ಹೊತ್ತಿನಲ್ಲಿ ಅದು ಸ್ವಲ್ಪ ಸದ್ದು ಮಾಡಿದ್ದರೆ ಒಳ್ಳೆಯದಿತ್ತು.

ಮರುದಿನ ಊರಿಂದ ಜೋಳ ಬಂತು. ಶಿವರಾತ್ರಿ ಮುಗಿದು ರಾಶಿಯಾದ ಮೇಲೆ ಸಕ್ಕುಬಾಯಿಯ ತಮ್ಮ ಪ್ರತಿವರ್ಷ ಎರಡು ಚೀಲ ಹೊಸ ಜೋಳ ಕಳಿಸುತ್ತಾನೆ. ಚೇತನ ಡಬ್ಬಿ ಎಣಿಸಿದ್ದು ಸಂಕ್ರಾಂತಿಯಲ್ಲಿ, ಹಳೆಯ ಜೋಳ ತೀರಿ ಕೋಠಿ ಖಾಲಿಯಿದ್ದ ತಿಂಗಳಲ್ಲಿ. ಎಳೆದರೆ ಇಡೀ ಹೊರಗೆ ಬರುವ ಅವನ ಕಪಾಟಿನ ಒಂದೊಂದು ಜಾಳಿಗೆಗೆ ಐದು ಕಿಲೋ ಹಿಡಿಯುತ್ತಿತ್ತು. ಸಂಜೆ ಅವನು ಬಂದಾಗ ಹಳೆ ಸಾಮಾನಿನ ಸಾಲಿನ ಕೋಠಿ ಬಾಲ್ಕನಿ ಬಿಟ್ಟು ಅಡುಗೆಮನೆಯ ಕಿಟಕಿಯ ಬದಿಗೆ ಬಂದು, ಬೇವಿನ ಸೊಪ್ಪು ಹಾಕಿಸಿಕೊಂಡು, ಕಂಠದ ಮಟ್ಟ ಜೋಳ ತುಂಬಿಕೊಂಡು ನಿಂತಿತ್ತು. ಇನ್ನೊಂದು ಚೀಲ ಅವನ ಹಾಸಿಗೆಯ ಮೇಲಿತ್ತು. ಹನ್ನೊಂದು ಸಾವಿರ ಸಾಮಾನಿಗೆ ಜಾಗ ತೋರಿಸುವವನು ಅಂದು ಸೋಫಾದ ಮೇಲೆ ಮಲಗಿದ.

ಗುರುವಾರ ಅವನಿಗೆ ವಾರದ ರಜೆ. ಬೆಳಕು ಹರಿದ ಮೇಲೆ ಎಚ್ಚರವಾದದ್ದು ಸದ್ದಿಗೆ. ತಪ್, ತಪ್, ತಪ್, ನಡುವೆ ಸರಕ್ಕನೆ ತಿರುಗಿಸಿದ ಸದ್ದು, ಮತ್ತೆ ತಪ್, ತಪ್. ಚಾಳಿನಲ್ಲಿ ಅವನನ್ನು ಶಾಲೆಗೆ ಎಬ್ಬಿಸುತ್ತಿದ್ದ ಸದ್ದು ಅದು. ನೆಲಕ್ಕೆ ಕೂತಳೆಂದೇ ಲೆಕ್ಕ ಹಾಕಿ, ಜಗಳಕ್ಕೆ ಮಾತು ಜೋಡಿಸಿಕೊಳ್ಳುತ್ತ ಎದ್ದು ಹೋದ.

ತಾಯಿ ನಿಂತಿದ್ದಳು. ಕೋಠಿಯ ಮುಚ್ಚಳದ ಮೇಲೆ ನಾಲ್ಕು ಮಡಿಕೆ ಮಾಡಿದ ಗೋಣಿಚೀಲ, ಅದರ ಮೇಲೆ ಬಾಲ್ಕನಿಯ ಕಪ್ಪು ಕಡಪಾ ಕಲ್ಲು, ಕಲ್ಲಿನ ಮೇಲೆ ಬೇವಿನ ಪರಾತ. ಒಳಗೆ ಜೋಳ ಒತ್ತಿ ತುಂಬಿದ್ದರಿಂದ ಕೋಠಿ ಅಲುಗುತ್ತಿರಲಿಲ್ಲ. ಅವಳ ಭುಜದ ಭಾರ ನೇರ ಅಂಗೈಗೆ ಇಳಿಯುತ್ತಿತ್ತು, ಮುದ್ದೆ ಅವಳ ಬೆರಳಡಿಯಲ್ಲಿ ಹುಣ್ಣಿಮೆಯಷ್ಟು ದುಂಡಗೆ ಅಗಲವಾಗುತ್ತಿತ್ತು. ಬುಟ್ಟಿಯಲ್ಲಿ ಆಗಲೇ ಹದಿನೈದಿದ್ದವು. ಹಿಂದೆ, ನಕ್ಷೆಯ ಮೂವತ್ತಮೂರು ಇಂಚಿನ ಗ್ರಾನೈಟ್ ಕಟ್ಟೆಯ ಮೇಲೆ, ಒಲೆ, ಹಂಚು ಬಿಟ್ಟರೆ ನೀರಿನ ತಂಬಿಗೆ ಒಂದೇ ಕೂತಿತ್ತು.

"ಕಲ್ಲ ಯಾರ ಎತ್ತಿದ್ರು?" ಎಂದ. ಕೇಳಬೇಕಾದ ಪ್ರಶ್ನೆ ಅದಲ್ಲವೆಂದು ಅವನಿಗೂ ಗೊತ್ತಿತ್ತು.

"ನೀತಾ ಒಂದ್ ಕಡೆ ಹಿಡದ್ಲು. ನೀ ಗೊರಕಿ ಹೊಡೀತಿದ್ದಿ."

ಅವನು ಟೇಪು ತಂದ. ನೆಲದಿಂದ ಪರಾತದ ಒಳತಳಕ್ಕೆ ಇಪ್ಪತ್ತೆಂಟೂವರೆ ಇಂಚು. ಅವನ ಕಟ್ಟೆ ಮೂವತ್ತಮೂರು, ಅದರ ಮೇಲೆ ಪರಾತದ್ದು ಎರಡು, ಒಟ್ಟು ಮೂವತ್ತೈದು. ಪರಾತ! ಅವನು ಪರಾತವನ್ನು ಅಳೆದೇ ಇರಲಿಲ್ಲ. ಗೋದಾಮಿನಲ್ಲಿ ಸಾಮಾನಿನ ಅಡಿ ಇಡುವ ಮರದ ಪ್ಯಾಲೆಟ್ಟಿನ ಎತ್ತರ ಮರೆತು ರ‍್ಯಾಕಿಗೆ ಅಳತೆ ಕೊಟ್ಟವರನ್ನು, ಪ್ಯಾಲೆಟ್ ಏನು ಗಾಳಿಯಲ್ಲಿ ತೇಲುತ್ತದೆಯೇ ಎಂದು ವಾರಕ್ಕೊಮ್ಮೆಯಾದರೂ ಬೈಯುತ್ತಿದ್ದವನು ಅವನೇ. ಅದೂ ಅಲ್ಲದೆ ವಿಡಿಯೋದ ಸೂತ್ರ ತರಕಾರಿ ಹೆಚ್ಚುವವರದು. ರೊಟ್ಟಿ ಬಡಿಯುವುದು ಮೊಣಕೈಯಿಂದಲ್ಲ, ಭುಜದಿಂದ. ಹುಟ್ಟಿದಾಗಿನಿಂದ ನೋಡಿದ್ದರೂ ಅವನು ಅದನ್ನು ನೋಡಿರಲಿಲ್ಲ.

"ಕಟ್ಟಿ ಎತ್ತರ ಆಗ್ಯದ ಅಂತ ಯಾಕ ಹೇಳ್ಲಿಲ್ಲವಾ?"

ಸಕ್ಕುಬಾಯಿ ರೊಟ್ಟಿಯನ್ನು ಎರಡೂ ಅಂಗೈಯಲ್ಲಿ ಎತ್ತಿ ಹಂಚಿಗೆ ಹಾಕಿ, ನೀರು ಸವರಿದಳು.

"ಹದಿನಾಕ ದಿನ ಕೂತ ಬರದಿದ್ದಿ. ಕಲ್ಲಿನಾಂವನ ಮುಂದ ನಿನ್ನ ಕಾಗದ ಸುಳ್ಳು ಅಂತ ಹ್ಯಾಂಗ ಅನ್ಲಿ?" ಎಂದಳು. ಹಂಚಿನ ರೊಟ್ಟಿಯನ್ನು ಮಗುಚುತ್ತ, "ನಂದೂ ತಪ್ಪದ. ಅಳತಿ ತಗೋವಾಗ ಸುಮ್ನ ಸೆಟದ ನಿಂತೆ. ಫೋಟೋ ತಗೀತಾನ ಅನಿಸ್ತು."

ಅಂದಿನ ನಲವತ್ತು ರೊಟ್ಟಿಗಳನ್ನು ಚೇತನನೇ ಖಾನಾವಳಿಗೆ ಮುಟ್ಟಿಸಿದ. ಸೋಮವಾರ ಬಂದು ಹೋಯಿತು. ಮನೋಹರ ಏನೂ ಹೇಳಿ ಕಳಿಸಲಿಲ್ಲ. ಮಂಗಳವಾರ ಖಾಲಿ ಬುಟ್ಟಿಯ ಜೊತೆ, ನಾಳೆ ನಲವತ್ತೈದು ಬೇಕು ಎಂಬ ಚೀಟಿ ಬಂತು.

ಆದರೆ ಕೋಠಿಯ ಜೋಳ ಕೋಠಿಯಲ್ಲೇ ಇರುವುದಿಲ್ಲ. ಎರಡನೆಯ ವಾರಕ್ಕೆ ಅದು ಅರ್ಧಕ್ಕೆ ಇಳಿಯಿತು; ಇನ್ನೊಂದು ಚೀಲ ಸುರಿದರೂ ಮತ್ತೆ ಇಳಿಯುವುದೇ. ಹಿಟ್ಟಿಗೆ ಕಾಳು ತೆಗೆಯಬೇಕಾದಾಗಲೆಲ್ಲ ಕಲ್ಲು ಇಳಿಸಬೇಕು. ಮೇಲಾಗಿ ಅರ್ಧ ಖಾಲಿಯಾದ ತಗಡು ಏಟಿಗೊಮ್ಮೆ ಡೊಳ್ಳಿನಂತೆ ಗುಡುಗತೊಡಗಿತು. ಜೇಜುರಿಯ ಜಾತ್ರೆ ನಿಮ್ಮಲ್ಲೇ ಶುರುವಾಯಿತೇ ಎಂದು ನೀತಾ ಗೋಡೆಯಾಚೆಯಿಂದ ಕೇಳಿದಳು. ಚೇತನ ಹೊಳಬಸಪ್ಪನಿಗೆ ಫೋನ್ ಮಾಡಿದ. ಆಗಿದ್ದನ್ನು ಆಗಿದ್ದಂತೆ ಹೇಳಿ, ತನ್ನನ್ನು ತಾನೇ ಎರಡು ಮಾತು ಬೈದುಕೊಂಡ. ಇನ್ನೊಬ್ಬರು ಬೈಯುವ ಮೊದಲೇ ಬೈದುಕೊಂಡರೆ ಸ್ವಲ್ಪ ರಿಯಾಯಿತಿ ಸಿಗುತ್ತದೆ ಎಂಬುದು ಅವನು ನೌಕರಿಯಲ್ಲಿ ಕಲಿತ ಎರಡನೆಯ ವಿದ್ಯೆ.

ಹೊಳಬಸಪ್ಪ ಗುರುವಾರ ಬಂದ. ನಗಲಿಲ್ಲ. ಕೋಠಿಯನ್ನು ಒಮ್ಮೆ ಸುತ್ತು ಹಾಕಿ, ಕಡಪಾ ಕಲ್ಲಿನ ಮೇಲೆ ಅಂಗೈ ಆಡಿಸಿ, ಜೇಬಿನಿಂದ ಹುರಿ ತೆಗೆದ.

"ಈಗ ಬಡೀರಿ ಅಕ್ಕಾರ. ಸಾಹೇಬ್ರ, ನೀವು ಆ ಕಾಗದ ಹಿಡಕೊಂಡು ಅತ್ಲಾಗ ನಿಂದರ್ರಿ. ಗಾಳಿ ಬರಲಿ."

ಸಕ್ಕುಬಾಯಿ ಈ ಸಲ ಸೆರಗು ಸರಿಮಾಡಿಕೊಳ್ಳಲಿಲ್ಲ. ಒಂದು ಮುದ್ದೆ ತೆಗೆದುಕೊಂಡು ಒಂದು ಇಡೀ ರೊಟ್ಟಿ ಬಡಿದಳು. ಹೊಳಬಸಪ್ಪ ಅವಳ ಅಂಗೈ ಇಳಿಯುವ ಜಾಗ ನೋಡಿ, ನೆಲಕ್ಕೆ ಹುರಿ ಬಿಟ್ಟು ಗಂಟು ಹಾಕಿದ. ಚೇತನ ತಡೆಯಲಾರದೆ ಎಷ್ಟು ಬಂತು ಎಂದು ಕೇಳಿದ. ಹೊಳಬಸಪ್ಪ ಗಂಟು ತೋರಿಸಿ, ಇಷ್ಟು ಎಂದ.

ಕಿಟಕಿಯ ಬದಿಯ ಗ್ರಾನೈಟನ್ನು ಎರಡು ಫೂಟು ಕೊಯ್ದು ತೆಗೆದರು. ನೀತಾ ಎರಡು ಸಲ ಎಳೆದು ನೋಡಿದ್ದ ಮಸಾಲೆಯ ಟ್ರಾಲಿ ಹೋಯಿತು. ಆ ಜಾಗದಲ್ಲಿ ಹಳೆಯ ಕಡಪಾ ಕಲ್ಲು ಗ್ರಾನೈಟಿಗಿಂತ ಮುಕ್ಕಾಲು ಗೇಣಿನಷ್ಟು ತಗ್ಗಿನಲ್ಲಿ ಕೂತಿತು, ಅದರ ಕೆಳಗೆ ಕೋಠಿಗೆ ಸರಿಯಾಗಿ ಜಾಗವಾಯಿತು. ಕೋಠಿಯ ಅಡಿಗೆ ಚೇತನ ಗೋಣಿಚೀಲದ ದಪ್ಪದಷ್ಟೇ ಗಿಡ್ಡವಾದ, ನಾಲ್ಕು ಗಾಲಿಯ ಹಲಗೆಯೊಂದನ್ನು ಮಾಡಿಸಿ ತಂದ, ಎಳೆದರೆ ಇಡೀ ಹೊರಗೆ ಬರುವಂತೆ. ಇಡೀ ಅಡುಗೆಮನೆಯಲ್ಲಿ ತಾಯಿ ತಾನಾಗಿ ಹೊಗಳಿದ ಅವನ ಕೆಲಸ ಅದೊಂದೇ. ಬೂದಿ ಬಣ್ಣದ ಉದ್ದನೆಯ ಕಟ್ಟೆ ಕಿಟಕಿಯ ಹತ್ತಿರ ಬಂದು ಕಪ್ಪು ಮೆಟ್ಟಿಲೊಂದನ್ನು ಇಳಿದಂತೆ ಕಾಣುತ್ತಿತ್ತು. ವಿಡಿಯೋದ ಹೆಂಗಸರು ನೋಡಿದ್ದರೆ ಅವರ ನಗು ನಿಲ್ಲುತ್ತಿತ್ತೇನೋ. ಚೇತನ ಅದನ್ನು ಬಾಯಿಬಿಟ್ಟು ಹೇಳಿದಾಗ ಹೊಳಬಸಪ್ಪ ಕೈ ತೊಳೆಯುತ್ತ, ಇನ್ನಾರು ತಿಂಗಳಿಗೆ ಕೋಥ್ರೂಡದ ದೊಡ್ಡ ಮನಿಯವರು ಇದನ್ನೇ ಸ್ಟೈಲ್ ಅಂತ ಹಾಕಿಸಿಕೊಳ್ಳತಾರ, ಆವಾಗ ನಕ್ಷೆ ನಿಮ್ಮದು ಅಂತ ಹೇಳತೀನಿ ಎಂದ. ಹೋಗುವಾಗ ಎರಡು ರೊಟ್ಟಿ, ಗುರೆಳ್ಳು ಚಟ್ನಿ ಕಟ್ಟಿಸಿಕೊಂಡ.

ಮರುವಾರದ ಶುಕ್ರವಾರ ಮಧ್ಯಾಹ್ನ ಗೋದಾಮಿನಲ್ಲಿ ಚೇತನ ಡಬ್ಬಿ ಬಿಚ್ಚಿದ. ಒಂದು ರೊಟ್ಟಿ ತೆಗೆದು ಟ್ಯೂಬ್ ಲೈಟಿನ ಕಡೆ ಎತ್ತಿ ಹಿಡಿದ. ಎದುರಿಗೆ ಊಟಕ್ಕೆ ಕೂತಿದ್ದ, ಜೊತೆಗೆ ಕೆಲಸ ಮಾಡುವ ದತ್ತುವಿನ ಮೂಗು ಕಂಡಿತು, ತುದಿಯಲ್ಲಿದ್ದ ಮಚ್ಚೆಯ ಸಮೇತ. ಮನೆಯವರ ಪಾಲಿಗೆ ಪಾಸಾದ ರೊಟ್ಟಿ ಬಂದದ್ದು ಅದೇ ಮೊದಲು. ಕಾಯ್ ಬಘತೋಸ್ ರೇ, ಏನು ನೋಡುತ್ತಿದ್ದೀ ಎಂದು ದತ್ತು ಕೇಳಿದ.

ಸ್ಟಾಕ್ ಚೆಕಿಂಗ್ ಎಂದು ಹೇಳಿ ಚೇತನ ರೊಟ್ಟಿ ಮುರಿದ.